ಇಸ್ಕೂಲ್, ಡೆಕ್ಸ್, ಯೆಗ್ಗು: ನಾವು ನಗುವ ಇಂಗ್ಲಿಷ್ 'ತಪ್ಪು'ಗಳು ಎಲ್ಲಿಂದ ಬಂದವು?

ಬಳ್ಳಾರಿಯ ಯಾವ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋದರೂ ಮೊದಲ ವಾರ ತಿದ್ದುವ ಮಾತುಗಳು ಹೆಚ್ಚುಕಮ್ಮಿ ಅವೇ. ಇಸ್ಕೂಲ್ ಅನ್ನಬೇಡಿ, ಸ್ಕೂಲ್ ಅನ್ನಿ. ಡೆಕ್ಸ್ ಅಲ್ಲ, ಡೆಸ್ಕ್. ಯೆಗ್ಗು ಅಲ್ಲ, ಎಗ್. 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್' ತಪ್ಪು. 'ಡಿಸ್ಕಸ್ ಅಬೌಟ್' ತಪ್ಪು. ಪ್ರತಿ ಮಾತಿನ ಕೊನೆಗೂ 'ಇಸಂಟ್ ಇಟ್' ಸೇರಿಸಬಾರದು. ರಾಯಚೂರು, ಕೊಪ್ಪಳದಲ್ಲೂ ಇದೇ ಪಟ್ಟಿ.

ತಿದ್ದಲಿ, ಬೇಡ ಅನ್ನುವುದಿಲ್ಲ. ಪರೀಕ್ಷೆ ಇದೆ, ಇಂಟರ್‌ವ್ಯೂ ಇದೆ, ಕೆಲಸ ಬೇಕು. ಆದರೆ ತಿದ್ದುವಾಗ ಜೊತೆಗೊಂದು ನಗು ಬರುತ್ತದಲ್ಲ, 'ಹಳ್ಳಿ ಮಂದಿ, ನಾಲಿಗೆ ತಿರುಗೋದಿಲ್ಲ' ಅನ್ನುವ ನಗು, ಅದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ. ಈ ತಪ್ಪುಗಳಲ್ಲಿ ಬಹಳಷ್ಟನ್ನು ಇಂಗ್ಲಿಷರೂ ಅವರ ಅಕ್ಕಪಕ್ಕದವರೂ ಹಿಂದೆ ತಾವೇ ಮಾಡಿದ್ದಾರೆ. ಹಾಗೆ ಮಾಡಿ ಮಾಡಿಯೇ ಇವತ್ತಿನ 'ಸರಿಯಾದ' ಇಂಗ್ಲಿಷ್ ತಯಾರಾಗಿದೆ.

ಇಸ್ಕೂಲನ್ನೇ ತೆಗೆದುಕೊಳ್ಳಿ. ಪದದ ಮೊದಲಲ್ಲೇ ಸ್ ಮತ್ತು ಕ ಒಟ್ಟಿಗೆ ಬಂದರೆ ಎಷ್ಟೋ ಭಾಷೆಯವರಿಗೆ ಅದು ತೊಡಕು. ಉರ್ದು ಮಾತು ದಿನಾ ಕಿವಿಗೆ ಬೀಳುವ ನಮ್ಮ ಊರುಗಳಲ್ಲಿ ಮುಂದೊಂದು ಇ ಸೇರಿಸಿಕೊಂಡು ಆ ತೊಡಕು ದಾಟುತ್ತಾರೆ: ಇಸ್ಕೂಲ್, ಇಸ್ಟೇಷನ್, ಇಸ್ಟೂಲ್. ಲ್ಯಾಟಿನ್ ಆಡುತ್ತಿದ್ದ ಯುರೋಪಿನ ಜನ ಮಾಡಿದ್ದೂ ಇದನ್ನೇ. ಲ್ಯಾಟಿನ್ನಿನ 'ಸ್ಕೋಲಾ' ಸ್ಪೇನಿನವರ ಬಾಯಲ್ಲಿ 'ಎಸ್ಕ್ವೇಲಾ' ಆಯಿತು. ಇವತ್ತು ಸ್ಪ್ಯಾನಿಷ್ ಪಠ್ಯಪುಸ್ತಕದಲ್ಲಿ ಅದೇ ಶುದ್ಧ ರೂಪ. ಫ್ರೆಂಚರು ಎ ಸೇರಿಸಿದ್ದಲ್ಲದೆ ಮುಂದೆ ಸ್ ಅನ್ನೂ ಬಿಟ್ಟು 'ಎಕೋಲ್' ಮಾಡಿಕೊಂಡರು. ಇಂಗ್ಲಿಷಿನ ಒಳಗೂ ಇದರ ಗುರುತು ಉಳಿದಿದೆ. ಸ್ಟೇಟ್, ಎಸ್ಟೇಟ್ ಎರಡೂ ಒಂದೇ ಲ್ಯಾಟಿನ್ ಪದದ ಮಕ್ಕಳು. ಎಸ್ಟೇಟಿನ ಮುಂದಿರುವ ಎ ಫ್ರೆಂಚ್ ಬಾಯಿಂದ ಬಂದದ್ದು. ಸ್ಪೆಷಲ್ ಮತ್ತು ಎಸ್ಪೆಷಲಿ ನಡುವಿನ ಸಂಬಂಧವೂ ಹೀಗೆಯೇ.

ನಮ್ಮ ಹಿರಿಯರು ಇನ್ನೊಂದು ದಾರಿ ಹಿಡಿದಿದ್ದರು. ಅವರಿಗೆ ಸ್ಟೇಷನ್ 'ಟೇಸನ್' ಆಗಿತ್ತು. ಎರಡು ವ್ಯಂಜನದಲ್ಲಿ ಒಂದನ್ನು ಬಿಟ್ಟರೆ ಆಯಿತು. ಇಂಗ್ಲಿಷರು ನೈಫ್, ನೀ, ನೋ ಪದಗಳಲ್ಲಿ ಮಾಡಿರುವುದು ಇದನ್ನೇ ಅಲ್ವಾ? ಆ ಪದಗಳ ಮೊದಲಿನ ಕೆ ಸುಮ್ನೆ ಬರೆದದ್ದಲ್ಲ. ಒಂದು ಕಾಲದಲ್ಲಿ ಅದನ್ನು ಉಚ್ಚರಿಸುತ್ತಿದ್ದರು. ಜರ್ಮನ್ನರು ಮೊಣಕಾಲಿಗೆ ಈಗಲೂ 'ಕ್ನೀ' ಅನ್ನುತ್ತಾರೆ. 'ತಿಳಿ' ಅನ್ನುವ ಅರ್ಥದ ನೋ ಮತ್ತು ನಮ್ಮ ಜ್ಞಾನ ಒಂದೇ ಬೇರಿನಿಂದ ಬಂದವು. ಅವರು ಮೊದಲ ವ್ಯಂಜನ ಬಿಟ್ಟರು, ನಮ್ಮವರು ಜ್ಞಾನವನ್ನು 'ಗ್ಯಾನ' ಮಾಡಿಕೊಂಡರು.

ಬಳ್ಳಾರಿಯ ಒಂದು ಕ್ಲಾಸಿನಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳಬೇಕು. ಸಿರುಗುಪ್ಪ ಕಡೆಯ ಹುಡುಗಿ, ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದವಳು, ಎದ್ದು ನಿಂತು ತನ್ನ ಪರಿಚಯ ಹೇಳಿಕೊಳ್ಳುತ್ತಿದ್ದಳು. 'ಮೈ ಇಸ್ಕೂಲಿಂಗ್' ಅನ್ನುವಷ್ಟರಲ್ಲಿ ಹಿಂದಿನ ಬೆಂಚಿನವರು ನಕ್ಕರು. ಸರ್ ಕೂಡ ನಕ್ಕುಬಿಟ್ಟರು. ಅವಳು ಆ ಪದ ಬಿಟ್ಟು 'ಐ ಸ್ಟಡೀಡ್' ಅಂತ ಬೇರೆ ಮಾತು ಹಿಡಿಯಲು ಹೋದಳು. ಅಲ್ಲೂ ಇ ಬರುತ್ತದೆ ಅಂತ ಹೊಳೆಯಿತೋ ಏನೋ, ತುಟಿ ತೆರೆದವಳು ಹಾಗೇ ನಿಂತುಬಿಟ್ಟಳು. ಆಮೇಲೆ 'ಸಾರಿ ಸರ್' ಅಂದು ಕೂತಳು. ಅವಳ ವಾಕ್ಯದ ವ್ಯಾಕರಣ ಸರಿ ಇತ್ತು, ವಿಷಯ ಸರಿ ಇತ್ತು. ಎಸ್ಕ್ವೇಲಾ ಕಥೆ ಹೇಳಿ, 'ಮೊದಲು ಸ್ಸ್ಸ್ ಅಂತ ಹಾವಿನ ಹಾಗೆ ಎಳಿ, ಉಸಿರು ಬಿಡದೆ ಕೂಲ್ ಸೇರಿಸು' ಅಂತ ತೋರಿಸಿದ್ದರೆ ಐದು ನಿಮಿಷದ ಕೆಲಸ. ಇ ಬರುವುದು ಬಾಯಿ ಸ್ ಶುರು ಮಾಡುವ ಮೊದಲೇ ಗಂಟಲಿಂದ ದನಿ ಹೊರಡುವುದಕ್ಕೆ. ಆ ದನಿಯನ್ನು ತಡೆದು ಬರೀ ಗಾಳಿಯಿಂದ ಶುರು ಮಾಡಿದರೆ ಇ ತಾನಾಗಿಯೇ ಹೋಗುತ್ತದೆ. ನಗುವುದರಿಂದ ಹೋಗುವುದಿಲ್ಲ.

ಯೆಗ್ಗು ಕಡೆಗೆ ಬರೋಣ. ಕನ್ನಡಿಗರು ಎ ಇಂದ ಶುರುವಾಗುವ ಪದಕ್ಕೆ ಮೆಲ್ಲಗೆ ಒಂದು ಯ, ಒ ಇಂದ ಶುರುವಾಗುವ ಪದಕ್ಕೆ ಒಂದು ವ ಸೇರಿಸಿಯೇ ಮಾತಾಡುತ್ತಾರೆ. ಬರೆಯುವುದು ಎಲ್ಲಿ, ಆಡುವುದು ಯೆಲ್ಲಿ. ಬರೆಯುವುದು ಒಂದು, ಆಡುವುದು ವೊಂದು. ಅದೇ ಅಭ್ಯಾಸ ಇಂಗ್ಲಿಷಿಗೂ ಹೋಗಿ ಯೆಗ್ಗು, ಯೆಂಡು ಆಗುತ್ತದೆ. ಈಗ ಇಂಗ್ಲಿಷಿನ ಒಂದರ ಅಂಕಿಯನ್ನು ನೋಡಿ. ಅದರ ಸ್ಪೆಲ್ಲಿಂಗ್ ಶುರುವಾಗುವುದು ಓ ಅಕ್ಷರದಿಂದ, ಉಚ್ಚಾರ ಮಾತ್ರ 'ವನ್'. ಆ ವ ಎಲ್ಲಿಂದ ಬಂತು? ಹಿಂದೆ ಅದನ್ನು 'ಓನ್' ಅನ್ನುವ ಹಾಗೆ ಹೇಳುತ್ತಿದ್ದರು. ಇಂಗ್ಲೆಂಡಿನ ಕೆಲವು ಸೀಮೆಯ ಜನ ಅದರ ಮುಂದೆ ವ ಸೇರಿಸಿಕೊಂಡರು. ಆ ಸೀಮೆಯ ಮಾತೇ ಲಂಡನ್ನಿಗೆ ಬಂದು ಗೆದ್ದಿತು. ಹಳೆಯ ಉಚ್ಚಾರ ಓನ್ಲಿ, ಅಲೋನ್ ಪದಗಳ ಒಳಗೆ ಹಾಗೇ ಉಳಿದಿದೆ. ಅಂದರೆ ನಮ್ಮವರು ಒಂದನ್ನು ವೊಂದು ಮಾಡಿದ ಹಾಗೆಯೇ ಅವರು ಓನ್ ಅನ್ನು ವನ್ ಮಾಡಿದ್ದಾರೆ. ಎರಡು ಭಾಷೆಗೂ ಸಂಬಂಧವಿಲ್ಲ. ಆದರೆ ತುಟಿ ದುಂಡಗೆ ಮಾಡಿ ಓ ಹೇಳಲು ಹೊರಟರೆ ಮೊದಲು ವ ನುಸುಳುವುದು ಎಲ್ಲ ಮನುಷ್ಯರ ಬಾಯಿಗೂ ಸಹಜ.

ಡೆಸ್ಕ್ ಡೆಕ್ಸ್ ಆಗುವುದು ಎರಡು ಧ್ವನಿ ಜಾಗ ಬದಲಿಸಿಕೊಳ್ಳುವುದರಿಂದ. ಸಿಗ್ನಲ್ ಅನ್ನು 'ಸಿಂಗಲ್' ಅನ್ನುವವರು ಮಾಡುವುದೂ ಅದೇ. ಇಂಗ್ಲಿಷಿನಲ್ಲಿ ಇದರ ದೊಡ್ಡ ಜಗಳ ಇರುವುದು 'ಕೇಳು' ಅನ್ನುವ ಅರ್ಥದ ಆಸ್ಕ್ ಪದದ ಮೇಲೆ. ಅಮೆರಿಕದ ಕಪ್ಪು ಜನರಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ ಬಹಳ ಮಂದಿ 'ಆಕ್ಸ್' ಅನ್ನುತ್ತಾರೆ. ಅದನ್ನು ಕೇಳಿದರೆ ಮುಖ ಸಿಂಡರಿಸುವವರು ಇವತ್ತಿಗೂ ಇದ್ದಾರೆ. ಆದರೆ ಸಾವಿರ ವರ್ಷದ ಹಿಂದಿನ ಹಳೆ ಇಂಗ್ಲಿಷಿನಲ್ಲೇ ಎರಡೂ ರೂಪ ಇದ್ದವು. 14ನೇ ಶತಮಾನದ ಕವಿ ಚಾಸರ್ ಆಕ್ಸ್ ಅಂತ ಬರೆದಿದ್ದಾನೆ. 1535ರಲ್ಲಿ ಅಚ್ಚಾದ ಕವರ್‌ಡೇಲ್ ಬೈಬಲ್ಲಿನಲ್ಲಿ 'ಕೇಳಿರಿ, ನಿಮಗೆ ಕೊಡಲಾಗುವುದು' ಅನ್ನುವ ವಾಕ್ಯ ಇರುವುದು ಆಕ್ಸ್ ಅಂತಲೇ. ಇಂಗ್ಲಿಷಿನಲ್ಲಿ ಪೂರ್ತಿ ಅಚ್ಚಾದ ಮೊದಲ ಬೈಬಲ್ ಅದು. ಆಮೇಲೆ ಯಾವ ರೂಪ ಆಡುವವರ ಕೈಗೆ ಅಧಿಕಾರ ಬಂತೋ ಆ ರೂಪ ಸರಿ ಆಯಿತು, ಇನ್ನೊಂದು ಒರಟಾಯಿತು. ಬರ್ಡ್ ಹಿಂದೆ 'ಬ್ರಿಡ್' ಆಗಿತ್ತು, ಥರ್ಡ್ 'ಥ್ರಿಡ್' ಆಗಿತ್ತು. ಮೂರಕ್ಕೆ ಥ್ರೀ ಅನ್ನುವಾಗ ಮೂರನೆಯದು ಥ್ರಿಡ್ ಆಗುವುದೇ ನ್ಯಾಯ. ಅಲ್ಲಿ ಮಾತ್ರ ತಪ್ಪು ಗೆದ್ದು ಸರಿ ಸೋತಿದೆ, ಯಾರಿಗೂ ಬೇಜಾರಿಲ್ಲ.

ಧ್ವನಿ ಬದಲಾಗುವುದನ್ನು ನೋಡಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಬಳ್ಳಾರಿ ಸಂತೆಯಲ್ಲಿ ಕನ್ನಡ, ತೆಲುಗು ಎರಡನ್ನೂ ಕೇಳುತ್ತ ನಿಂತರೆ ಸಾಕು. ತೆಲುಗಿನವರ ಪಾಲು ನಮಗೆ ಹಾಲು. ಅವರ ಪುಲಿ ನಮಗೆ ಹುಲಿ. ಅವರ ಪಂದಿ ನಮಗೆ ಹಂದಿ, ಅವರ ಪೇರು ನಮಗೆ ಹೆಸರು. ಹಳಗನ್ನಡದಲ್ಲಿ ಇವೆಲ್ಲ ಪ ಇಂದಲೇ ಶುರುವಾಗುತ್ತಿದ್ದವು: ಪಾಲ್, ಪುಲಿ, ಪಂದಿ, ಪೆಸರ್. ಕನ್ನಡಿಗರು ನಿಧಾನಕ್ಕೆ ಪ ಅನ್ನು ಸಡಿಲ ಬಿಟ್ಟು ಹ ಮಾಡಿಕೊಂಡರು. ಮೊದಲು ಹಾಗೆ ಅಂದವರನ್ನು ಆ ಕಾಲದ ಪಂಡಿತರು 'ಪಾಲು ಅನ್ನಲು ಬಾರದವರು' ಅಂದುಕೊಂಡಿರಬಹುದು. ಇಂಗ್ಲಿಷಿನ ಪೂರ್ವಜರೂ ಪ ಕಳೆದುಕೊಂಡರು, ಅವರದು ಫ ಆಯಿತು. ಸಂಸ್ಕೃತದ ಪಿತೃ ಪಕ್ಕ ಫಾದರ್ ಇಡಿ, ಪಾದದ ಪಕ್ಕ ಫುಟ್ ಇಡಿ. ಈ ಬದಲಾವಣೆ ಎಷ್ಟು ನಿಯಮದ ಪ್ರಕಾರ ನಡೆದಿದೆ ಅನ್ನುವುದನ್ನು 1822ರಲ್ಲಿ ಯಾಕೋಬ್ ಗ್ರಿಮ್ ವಿವರವಾಗಿ ಬರೆದ. ಅಣ್ಣತಮ್ಮ ಸೇರಿ ಜರ್ಮನ್ ಜನಪದ ಕಥೆ ಸಂಗ್ರಹಿಸಿದರಲ್ಲ, ಅದೇ ಗ್ರಿಮ್. ಭಾಷೆ ಕೆಟ್ಟುಹೋಗುತ್ತಿದೆ ಅಂತ ನಮಗೆ ಅನಿಸುವ ಕಡೆ ಹಿಂದೆ ಒಂದು ಕ್ರಮ ಕೆಲಸ ಮಾಡುತ್ತಿರುತ್ತದೆ ಅನ್ನುವುದು ಅಲ್ಲಿಂದ ಗಟ್ಟಿಯಾಯಿತು.

ಸುಮಾರು 850ರ ಹೊತ್ತಿಗೆ ಬಂದ ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ನಾಲ್ಕು ಊರಿನ ಹೆಸರು ಬರುತ್ತದೆ. ಅದರಲ್ಲಿ ಒಂದು ಕೊಪಣ, ಅಂದರೆ ಇವತ್ತಿನ ಕೊಪ್ಪಳ. ಇನ್ನೊಂದು ಪುಲಿಗೆರೆ, ಇವತ್ತಿನ ಲಕ್ಷ್ಮೇಶ್ವರ. ಅಲ್ಲಿ ಇನ್ನೂ ಪ ಇದೆ ನೋಡಿ. ಒಳ್ಳೆ ಕನ್ನಡ ಕೇಳಬೇಕಾದರೆ ಆಗ ನಮ್ಮ ಸೀಮೆಗೆ ಬರಬೇಕಿತ್ತು. ಇವತ್ತು ಅದೇ ಕೊಪ್ಪಳದ ಹುಡುಗ ಬೆಂಗಳೂರಿನಲ್ಲಿ 'ಹೊಂಟೀನಿ', 'ಬರಾಕತ್ತೀನಿ' ಅಂದರೆ ಒರಟು ಕನ್ನಡ ಅನಿಸಿಕೊಳ್ಳುತ್ತಾನೆ. ಊರು ಅಲ್ಲೇ ಇದೆ, ಅಧಿಕಾರದ ಜಾಗ ಬದಲಾಗಿದೆ. ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಒಂದೊಂದು ಕಡೆ ಒಂದೊಂದು ಬಗೆಯ ಕನ್ನಡ ಇರುವುದರಿಂದ ಅದರ ದೋಷಗಳನ್ನೆಲ್ಲ ಎಣಿಸಲು ಹೋದರೆ ಸಾವಿರ ಹೆಡೆಯ ವಾಸುಕಿಗೂ ಬೇಸರವಾದೀತು ಅಂತ. ಪಕ್ಕದ ಊರಿನವರ ಮಾತಿನಲ್ಲಿ ತಪ್ಪು ಹುಡುಕುವ ಅಭ್ಯಾಸ ಅಷ್ಟು ಹಳೆಯದು.

ಇಂಗ್ಲಿಷ್ ಸ್ಪೆಲ್ಲಿಂಗಿನ ಗೋಳನ್ನು ಬೇಗ ಹೇಳಿ ಮುಗಿಸುತ್ತೇನೆ. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಅಲ್ಲಿಂದ ಸ್ಪೆಲ್ಲಿಂಗ್ ನಿಧಾನಕ್ಕೆ ಗಟ್ಟಿಯಾಗುತ್ತ ಬಂತು. ಅದೇ ಕಾಲದಲ್ಲಿ, ಸುಮಾರು 1400ರಿಂದ 1700ರವರೆಗೆ, ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸುತ್ತಿದ್ದವು. ಬರಹ ನಿಂತಿತು, ಮಾತು ಮುಂದೆ ಹೋಯಿತು. ಅದಕ್ಕೂ ಮೊದಲು ನೇಮ್ ಪದವನ್ನು ಅವರು ಹೇಳುತ್ತಿದ್ದದ್ದು ಹೆಚ್ಚುಕಮ್ಮಿ 'ನಾಮ' ಅಂತಲೇ. ಕನ್ನಡ ಶಾಲೆಯ ಮಗು ಆ ಸ್ಪೆಲ್ಲಿಂಗನ್ನು ಅಕ್ಷರ ಕೂಡಿಸಿ ಓದಿ ನಾಮ ಅಂದರೆ, ಅದು ಆರು ನೂರು ವರ್ಷದ ಹಿಂದಿನ ಉಚ್ಚಾರಕ್ಕೆ ಹತ್ತಿರ ಹೋಗಿರುತ್ತದೆ.

ವ್ಯಾಕರಣದ ಸಿಟ್ಟುಗಳಲ್ಲಿ ನನಗೆ ಹೆಚ್ಚು ಕುತೂಹಲ ಇರುವುದು 'ಅವರು' ಅನ್ನುವ ಅರ್ಥದ 'ದೇ' ಬಗ್ಗೆ. ಒಬ್ಬ ವ್ಯಕ್ತಿಗೆ ಬಹುವಚನ ಹಾಕಬಾರದು ಅಂತ ಇಂಗ್ಲಿಷಿನಲ್ಲಿ ಇನ್ನೂ ಜಗಳ ನಡೆಯುತ್ತಿದೆ. ಕನ್ನಡಿಗರಿಗೆ ಈ ಜಗಳವೇ ವಿಚಿತ್ರ ಅನಿಸಬೇಕು. 'ಯಾರೋ ಫೋನ್ ಮಾಡಿದ್ದರು' ಅಂತೀವಿ. ಮಾಡಿದವರು ಒಬ್ಬರೇ. ಗಂಡಸೋ ಹೆಂಗಸೋ ಗೊತ್ತಿಲ್ಲ, ಅದಕ್ಕೇ ಬಹುವಚನ. ಇಂಗ್ಲಿಷಿನಲ್ಲೂ 14ನೇ ಶತಮಾನದಿಂದಲೇ ಈ ಬಳಕೆ ಇದೆ. 'ಯೂ' ಕಥೆಯೂ ಇದೇ ಥರ. ಮೊದಲು ಅವರಿಗೂ ನೀನು ಬೇರೆ, ನೀವು ಬೇರೆ ಇತ್ತು. 'ದೌ' ಅಂದರೆ ನೀನು, 'ಯೂ' ಅಂದರೆ ನೀವು. ಮರ್ಯಾದೆಗೆ ಎಲ್ಲರಿಗೂ ಯೂ ಅನ್ನುತ್ತ ಅನ್ನುತ್ತ ದೌ ಮಾಯವಾಯಿತು. ಆಮೇಲೆ ಬಹುವಚನಕ್ಕೆ ಪದವೇ ಇಲ್ಲದಂತಾಯಿತು. ಅಮೆರಿಕದ ದಕ್ಷಿಣದವರು 'ಯಾಲ್' ಕಟ್ಟಿಕೊಂಡರು. ನಮ್ಮ ಆಫೀಸುಗಳಲ್ಲಿ ಕೇಳುವ 'ಯೂ ಪೀಪಲ್' ತುಂಬುವುದೂ ಅದೇ ಖಾಲಿ ಜಾಗವನ್ನು. ಇಂಗ್ಲಿಷರ ಕಿವಿಗೆ ಅದು ಬೈದ ಹಾಗೆ ಕೇಳುತ್ತದೆ ಅನ್ನುವುದನ್ನು ಮಾತ್ರ ಮಕ್ಕಳಿಗೆ ಹೇಳಿಕೊಡಬೇಕು.

ಎಲ್ಲದಕ್ಕೂ 'ಇಸಂಟ್ ಇಟ್' ಅನ್ನುವುದು ನಮ್ಮ 'ಹೌದಿಲ್ಲೋ' ಇಂದ ಬಂದದ್ದು. ಹೌದಿಲ್ಲೋ ಯಾವ ವಾಕ್ಯಕ್ಕಾದರೂ ಹೊಂದುತ್ತದೆ, ಕರ್ತೃ ಯಾರು, ಕಾಲ ಯಾವುದು ಅಂತ ನೋಡಬೇಕಿಲ್ಲ. ಫ್ರೆಂಚರಲ್ಲೂ ಇಂಥ ಒಂದೇ ಬಾಲ ಇದೆ. ಲಂಡನ್ನಿನ ಹುಡುಗರು ಈಗ 'ಇನ್ನಿಟ್' ಅನ್ನುವುದನ್ನು ಹೀಗೆಯೇ ಎಲ್ಲ ಮಾತಿಗೂ ಅಂಟಿಸುತ್ತಾರೆ.

'ಐ ಆಮ್ ಹಿಯರಿಂಗ್', 'ಐ ಆಮ್ ಹ್ಯಾವಿಂಗ್' ಯಾಕೆ ಬರುತ್ತದೆ? ನಾವು 'ಕೇಳಾಕತ್ತೈತಿ', 'ಕಾಣಾಕತ್ತೈತಿ', 'ಅನಸಾಕತ್ತೈತಿ' ಅಂತ ಧಾರಾಳವಾಗಿ ಅನ್ನುತ್ತೇವೆ. ಆ ರೂಢಿ ಇಂಗ್ಲಿಷಿಗೂ ಹೋಗುತ್ತದೆ. ಇಂಗ್ಲಿಷಿನಲ್ಲಿ ಈ ಇಂಗ್ ರೂಪ ಶತಮಾನಗಳಿಂದ ತನ್ನ ಗಡಿ ದಾಟುತ್ತಲೇ ಬಂದಿದೆ. ಒಂದು ಕಾಲದಲ್ಲಿ ಮನೆ ಕಟ್ಟಲಾಗುತ್ತಿದೆ ಅನ್ನಲು 'ದ ಹೌಸ್ ಈಸ್ ಬಿಲ್ಡಿಂಗ್' ಅನ್ನುವುದೇ ಸರಿ ಇತ್ತು. 'ಈಸ್ ಬೀಯಿಂಗ್ ಬಿಲ್ಟ್' ಬಂದಾಗ 19ನೇ ಶತಮಾನದ ವಿದ್ವಾಂಸರು ಅದನ್ನು ಅಸಹ್ಯ ಅಂತ ಬೈದರು. ಈಗ ನಮ್ಮ ಹೈಸ್ಕೂಲಿನಲ್ಲಿ ಪ್ಯಾಸಿವ್ ವಾಯ್ಸ್ ಅಂತ ಕಲಿಸುವುದು ಆ ಬೈಸಿಕೊಂಡ ರೂಪವನ್ನೇ. ಜಗತ್ತಿಗೆಲ್ಲ ಗೊತ್ತಿರುವ ಬರ್ಗರ್ ಕಂಪನಿಯ ಘೋಷಣೆ 'ಐ ಆಮ್ ಲವಿಂಗ್ ಇಟ್' ಅಂತ ಇದೆ. ಪಠ್ಯಪುಸ್ತಕದ ಪ್ರಕಾರ ಅದಕ್ಕೆ ಮಾರ್ಕ್ಸ್ ಸಿಗುವುದಿಲ್ಲ.

ನಮ್ಮ 'ಮಾಡಾಕತ್ತೀನಿ' ಒಳಗೇ ಎಂಥ ಬದಲಾವಣೆ ಅಡಗಿದೆ ನೋಡಿ. ಅಲ್ಲಿರುವುದು ಹತ್ತು ಅನ್ನುವ ಕ್ರಿಯಾಪದ. ಅಂಟಿಕೊಳ್ಳು, ಏರು, ಶುರುಮಾಡು ಅನ್ನುವ ಅರ್ಥದ್ದು. 'ಅಳಾಕ ಹತ್ತಿದ' ಅಂದರೆ ಅಳಲು ಶುರು ಮಾಡಿದ. ಬಳಸುತ್ತ ಬಳಸುತ್ತ ಅದು ತನ್ನ ಅರ್ಥ ಬಿಟ್ಟು, ಕೆಲಸ ನಡೆಯುತ್ತಿದೆ ಅಂತ ತೋರಿಸುವ ಬರೀ ಪ್ರತ್ಯಯವಾಯಿತು, ಹ ಕೂಡ ಬಿದ್ದುಹೋಯಿತು. ಇಂಗ್ಲಿಷಿನಲ್ಲಿ ಗೋಯಿಂಗ್ ಟು ಹೀಗೆಯೇ ನಡೆದು ಹೋಗುವ ಅರ್ಥ ಬಿಟ್ಟು ಭವಿಷ್ಯತ್ತಿನ ಗುರುತಾಯಿತು, ಮಾತಿನಲ್ಲಿ 'ಗೊನ್ನಾ' ಆಯಿತು. ಗೊನ್ನಾ ಅನ್ನುವುದು ಸೋಮಾರಿತನ ಅನ್ನುವವರು, ಮಾಡಾಕತ್ತೀನಿ ಅನ್ನುವುದು ಹಳ್ಳಿಗಾಡು ಅನ್ನುವವರು, ಇಬ್ಬರೂ ಒಂದೇ ಘಟನೆ ನೋಡಿ ಸಿಟ್ಟಾಗುತ್ತಿದ್ದಾರೆ.

ಹಾಗಾದರೆ ಈ ನಿಯಮಗಳನ್ನು ಮಾಡಿದವರು ಯಾರು? ಇಂಗ್ಲಿಷಿಗೆ ತೀರ್ಪು ಕೊಡುವ ಸರ್ಕಾರಿ ಸಂಸ್ಥೆ ಯಾವತ್ತೂ ಇರಲಿಲ್ಲ. ಫ್ರೆಂಚರು 1635ರಲ್ಲೇ ಅಕಾಡೆಮಿ ಕಟ್ಟಿದರು. ಇಂಗ್ಲಿಷಿಗೂ ಅಂಥದ್ದು ಬೇಕು ಅಂತ 1712ರಲ್ಲಿ ಜೊನಾಥನ್ ಸ್ವಿಫ್ಟ್ ಬರೆದ. ಅವನ ದೊಡ್ಡ ದೂರುಗಳಲ್ಲಿ ಒಂದು ಏನು ಗೊತ್ತಾ? ಜನ ಡಿಸ್ಟರ್ಬ್ಡ್ ಪದದ ಕೊನೆಯ ಎಡ್ ನುಂಗಿ, ಒಂದು ಅಕ್ಷರ ಕಡಿಮೆ ಮಾಡಿ ಹೇಳುತ್ತಾರೆ ಅಂತ. ಇವತ್ತು ಯಾರಾದರೂ ಅವನು ಬಯಸಿದ ಹಾಗೆ 'ಡಿಸ್ಟರ್ಬೆಡ್' ಅಂದರೆ ನಮ್ಮ ಕ್ಲಾಸಿನಲ್ಲಿ ತಿದ್ದುತ್ತಾರೆ. ಐ ಜೊತೆ ಶಲ್, ಯೂ ಜೊತೆ ವಿಲ್ ಅನ್ನುವ ನಿಯಮ, ನಮ್ಮ ತಂದೆತಾಯಿಯರ ಕಾಲದಲ್ಲಿ ಬಾಯಿಪಾಠ ಮಾಡಿಸುತ್ತಿದ್ದದ್ದು, 1653ರಲ್ಲಿ ಜಾನ್ ವಾಲಿಸ್ ಅನ್ನುವ ಗಣಿತಜ್ಞ ಬರೆದಿಟ್ಟದ್ದು. ಈಗ ಅದನ್ನು ಇಂಗ್ಲೆಂಡಿನಲ್ಲೇ ಹೆಚ್ಚಿನವರು ಪಾಲಿಸುವುದಿಲ್ಲ. ಎರಡು ನೆಗೆಟಿವ್ ಸೇರಿದರೆ ಪಾಸಿಟಿವ್ ಅನ್ನುವುದನ್ನು 1760ರ ದಶಕದಲ್ಲಿ ರಾಬರ್ಟ್ ಲೌತ್ ಅನ್ನುವ ಪಾದ್ರಿಯ ವ್ಯಾಕರಣ ಮನೆಮನೆಗೆ ಮುಟ್ಟಿಸಿತು. ಚಾಸರ್, ಶೇಕ್ಸ್‌ಪಿಯರ್ ಇಬ್ಬರೂ ಒತ್ತು ಕೊಡಲು ಎರಡೆರಡು ನೆಗೆಟಿವ್ ಬಳಸಿದವರೇ. 1755ರಲ್ಲಿ ದೊಡ್ಡ ನಿಘಂಟು ಮುಗಿಸಿದ ಸ್ಯಾಮ್ಯುಯೆಲ್ ಜಾನ್ಸನ್ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ: ಭಾಷೆಯನ್ನು ಹಿಡಿದು ನಿಲ್ಲಿಸಬಹುದು ಅಂದುಕೊಂಡು ಶುರು ಮಾಡಿದೆ, ಅದು ಆಗುವ ಮಾತಲ್ಲ.

ಇಷ್ಟು ಹೇಳಿದ ಮೇಲೆ, ಏನು ಬೇಕಾದರೂ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಬ್ಯಾಂಕ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಇವತ್ತಿನ ನಿಯಮವನ್ನೇ ಕೇಳುತ್ತದೆ, ಅದನ್ನು ಕಲಿಯಲೇಬೇಕು. ಆದರೆ ತಿದ್ದುವುದಕ್ಕೆ ಇರುವ ಸಮಯ ಕಡಿಮೆ. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಅನ್ನುವುದು ಮುಖ್ಯ. ಕಾರ್, ವಾಟರ್ ಪದಗಳಲ್ಲಿ ರ್ ಒತ್ತಿ ಹೇಳುವ ನಮ್ಮ ಹುಡುಗರನ್ನು ಬ್ರಿಟಿಷ್ ಶೈಲಿಗೆ ತಿದ್ದುವುದು ದಂಡ. ಶೇಕ್ಸ್‌ಪಿಯರ್ ಕಾಲದ ಲಂಡನ್ನಿನವರೂ ಆ ರ್ ಹೇಳುತ್ತಿದ್ದರು, ಅಮೆರಿಕದವರು ಈಗಲೂ ಹೇಳುತ್ತಾರೆ. ಆಫನ್ ಪದದಲ್ಲಿ ಟ ಹೇಳಿದರೂ ನಡೆಯುತ್ತದೆ, ನಿಘಂಟುಗಳು ಎರಡನ್ನೂ ಕೊಡುತ್ತವೆ. ಕಸಿನ್ ಬ್ರದರ್ ಅನ್ನುವುದನ್ನೂ ನಾನು ಬಿಡುತ್ತೇನೆ. ಕಾಕಾನ ಮಗ ಅಣ್ಣತಮ್ಮ, ಸೋದರಮಾವನ ಮಗ ಮದುವೆ ಆಗಬಹುದಾದವನು. ಇಬ್ಬರಿಗೂ ಕಸಿನ್ ಅಂತ ಒಂದೇ ಪದ ನಮ್ಮ ಮನೆಗಳಿಗೆ ಸಾಲುವುದಿಲ್ಲ.

ಸಮಯ ಕೊಡಬೇಕಾದದ್ದು ಒತ್ತಿಗೆ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಮ್ಮಿ ಸಮ ಒತ್ತು. ಇಂಗ್ಲಿಷಿನಲ್ಲಿ ಒಂದು ಕಡೆ ಜೋರು, ಉಳಿದದ್ದು ಮೆಲ್ಲಗೆ. ಡೆವಲಪ್ ಪದದಲ್ಲಿ ಒತ್ತು ಬೀಳಬೇಕಾದದ್ದು ನಡುವಿನ 'ವೆ' ಮೇಲೆ, ನಾವು ಮೊದಲ 'ಡೆ' ಮೇಲೆ ಹಾಕುತ್ತೇವೆ. ಫೋಟೋಗ್ರಾಫ್ ಅನ್ನುವಾಗ ಮೊದಲ ಅಕ್ಷರಕ್ಕೆ ಒತ್ತು, ಫೋಟೋಗ್ರಾಫರ್ ಅನ್ನುವಾಗ ಎರಡನೆಯದಕ್ಕೆ. ಹೊರದೇಶದವರಿಗೆ ನಮ್ಮ ಮಾತು ಅರ್ಥವಾಗದೆ ಹೋಗುವುದು ಹೆಚ್ಚಾಗಿ ಇದರಿಂದ. ಇಸ್ಕೂಲಿನ ಇ ಇಂದ ಅಲ್ಲ.

'ಡಿಸ್ಕಸ್ ಅಬೌಟ್' ಬರೆದರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗುತ್ತದೆ, ಅದನ್ನು ತಿದ್ದಿ. ತಿದ್ದುವಾಗ ಅದು ಯಾಕೆ ಬಂತು ಅಂತಲೂ ಹೇಳಿ. ಟಾಕ್ ಅಬೌಟ್ ಇದೆ, ಸ್ಪೀಕ್ ಅಬೌಟ್ ಇದೆ, ಕನ್ನಡದಲ್ಲಿ 'ಅದರ ಬಗ್ಗೆ ಚರ್ಚೆ ಮಾಡಿದ್ವಿ' ಅಂತಲೂ ಇದೆ. ಮೂರೂ ಕಡೆ ಬಗ್ಗೆ ಇರುವಾಗ ಮಗು ನಾಲ್ಕನೆಯ ಕಡೆಗೂ ಹಾಕುವುದು ಸಹಜ. ಡಿಸ್ಕಸ್ ಅನ್ನುವ ಕ್ರಿಯಾಪದದ ಹೊಟ್ಟೆಯಲ್ಲೇ ಬಗ್ಗೆ ಇದೆ, ಹೊರಗೆ ಇನ್ನೊಂದು ಬೇಡ ಅಂತ ಹೇಳಿಕೊಟ್ಟರೆ ಮಗು ಮುಂದಿನ ಸಲ ತಾನೇ ನೆನಪಿಟ್ಟುಕೊಂಡು ಬಿಡುತ್ತದೆ.